40 ಯೂರೋ ಕ್ರೀಮು, 7 ವರ್ಷ ಹಳೆಯ ವಿಡಿಯೊ

2018ರ ಏಪ್ರಿಲ್ 25, ಬುಧವಾರ. ಬೆಳಿಗ್ಗೆ ಸ್ಪೇನಿನ ‘ಓಕೆ ದಿಯಾರಿಯೊ’ ಎಂಬ ಆನ್‌ಲೈನ್ ಪತ್ರಿಕೆ ಒಂದು ಸಿಸಿಟಿವಿ ತುಣುಕು ಹಾಕಿತು. ಮಧ್ಯಾಹ್ನದೊಳಗೆ ಮ್ಯಾಡ್ರಿಡ್ ಪ್ರಾಂತ್ಯದ ಅಧ್ಯಕ್ಷೆ ಕ್ರಿಸ್ತಿನಾ ಸಿಫ್ವೆಂತೆಸ್ ರಾಜೀನಾಮೆ ಘೋಷಿಸಿದ್ದರು. ನಮ್ಮ ಮುಖ್ಯಮಂತ್ರಿಗೆ ಸಮನಾದ ಹುದ್ದೆ ಅದು.

ತುಣುಕು 2011ರ ಮೇ ತಿಂಗಳದ್ದು. ವಯ್ಯೇಕಾಸ್ ಬಡಾವಣೆಯಲ್ಲಿ, ಮ್ಯಾಡ್ರಿಡ್ ಶಾಸನಸಭೆಯ ಹತ್ತಿರವೇ ಇರುವ ಸೂಪರ್‌ಮಾರ್ಕೆಟ್‌ ಒಂದರ ಒಳಕೋಣೆ. ಆಗ ಸಭೆಯ ಉಪಾಧ್ಯಕ್ಷೆಯಾಗಿದ್ದ ಸಿಫ್ವೆಂತೆಸ್ ಭದ್ರತಾ ಸಿಬ್ಬಂದಿಯ ಎದುರು ನಿಂತು ಕೈಚೀಲದಿಂದ ಸಾಮಾನು ಹೊರಗೆ ತೆಗೆಯುತ್ತಾರೆ. ಸಿಕ್ಕಿದ್ದು ಮುಖಕ್ಕೆ ಹಚ್ಚುವ ಕ್ರೀಮಿನ ಎರಡು ಡಬ್ಬಿ. ಎರಡೂ ಸೇರಿ ಸುಮಾರು 40 ಯೂರೋ. ಅವರು ಹಣ ಕಟ್ಟಿದರು, ದೂರು ದಾಖಲಾಗಲಿಲ್ಲ, ವಿಷಯ ಅಲ್ಲಿಗೇ ಮುಗಿದಿತ್ತು.

ಈ ತುಣುಕನ್ನು ನೋಡುವಾಗ ಒಂದು ಮಾತು ನೆನಪಿರಬೇಕು. ಅಂಗಡಿಯಲ್ಲಿ ಕಪಾಟುಗಳ ಸಾಲಿಗೆ ಒಂದು ಕ್ಯಾಮೆರಾ, ಬಿಲ್ ಕೌಂಟರಿಗೆ ಇನ್ನೊಂದು, ಒಳಕೋಣೆಗೆ ಮತ್ತೊಂದು ಇರುತ್ತದೆ. ಡಬ್ಬಿ ಚೀಲಕ್ಕೆ ಹೇಗೆ ಬಿತ್ತು, ಕೌಂಟರ್ ದಾಟುವಾಗ ಅವರ ಗಮನ ಎಲ್ಲಿತ್ತು ಎಂಬುದನ್ನು ತೋರಿಸಬೇಕಾದದ್ದು ಮೊದಲೆರಡು. ಜನ ನೋಡಿದ್ದು ಒಳಕೋಣೆಯ ದೃಶ್ಯವನ್ನು. ಸಾಮಾನು ಚೀಲದಲ್ಲಿತ್ತು ಎಂಬುದಕ್ಕೆ ಅದು ಸಾಕ್ಷಿ. ಕದಿಯುವ ಉದ್ದೇಶ ಇತ್ತೇ ಇಲ್ಲವೇ ಎಂಬುದನ್ನು ಅದು ಹೇಳಲಾರದು. ಕಳ್ಳತನದ ಆರೋಪ ನಿಲ್ಲುವುದೋ ಬೀಳುವುದೋ ಆ ಉದ್ದೇಶದ ಮೇಲೆಯೇ.

ಎರಡನೆಯ ಸಂಗತಿ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಸ್ಪೇನಿನ ದತ್ತಾಂಶ ರಕ್ಷಣಾ ಸಂಸ್ಥೆ 2006ರಲ್ಲೇ ಹೊರಡಿಸಿದ ಸೂಚನೆಯ ಪ್ರಕಾರ ಇಂಥ ದೃಶ್ಯಗಳನ್ನು ಸೆರೆಹಿಡಿದ ಒಂದು ತಿಂಗಳೊಳಗೆ ಅಳಿಸಬೇಕು. ರೆಕಾರ್ಡರಿನ ಹಾರ್ಡ್ ಡಿಸ್ಕ್ ತುಂಬಿದಾಗ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತಾ ಹೋಗುತ್ತದೆ. ಯಾರೂ ಮುಟ್ಟದಿದ್ದರೆ ತುಣುಕು ತಾನಾಗಿಯೇ ಮಾಯವಾಗುತ್ತದೆ. ಅದು 7 ವರ್ಷ ಉಳಿಯಬೇಕಾದರೆ ಯಾರೋ ಕೂತು, ದಿನಾಂಕ, ಗಂಟೆ ಹುಡುಕಿ, ಬೇಕಾದಷ್ಟನ್ನು ಕತ್ತರಿಸಿ, ಬೇರೆ ಕಡೆ ನಕಲು ಮಾಡಿಟ್ಟಿರಬೇಕು. ಇದು ಮರೆವಿನಿಂದ ಆಗುವ ಕೆಲಸವಲ್ಲ. ಒಬ್ಬ ವ್ಯಕ್ತಿಯ ಅತ್ಯಂತ ಅವಮಾನದ ಗಳಿಗೆಯನ್ನು ಮುಂದೊಮ್ಮೆ ಬಳಸಲೆಂದು ಕಾದಿಡುವುದು 40 ಯೂರೋ ಕಳ್ಳತನಕ್ಕಿಂತ ಹೀನ ಎಂದೇ ನಾನು ಎಣಿಸುತ್ತೇನೆ. ಆಕೆಯ ಪಕ್ಷ, ಆಕೆಯ ರಾಜಕಾರಣ ಯಾವುದೇ ಇರಲಿ.

ಕಾನೂನಿನ ಲೆಕ್ಕದಲ್ಲಿ ಇದರಲ್ಲಿ ಏನೂ ಉಳಿದಿರಲಿಲ್ಲ. 2011ರಲ್ಲಿ 400 ಯೂರೋಗಿಂತ ಕಡಿಮೆ ಬೆಲೆಯ ಕಳವು ಸ್ಪೇನಿನಲ್ಲಿ ಅತಿ ಸಣ್ಣ ತಪ್ಪುಗಳ ಸಾಲಿಗೆ ಸೇರಿತ್ತು. 6 ತಿಂಗಳು ಕಳೆದರೆ ಅವಧಿ ಮುಗಿದಂತೆ.

ಹಾಗಾದರೆ ಆಕೆಯ ಸಮಜಾಯಿಷಿ ಏಕೆ ನಿಲ್ಲಲಿಲ್ಲ? ಪತ್ರಕರ್ತರ ಮುಂದೆ ಬಂದ ಸಿಫ್ವೆಂತೆಸ್, ಅರಿವಿಲ್ಲದೆ ಆದ ತಪ್ಪು, ಗೊತ್ತಾದಾಗ ಅಲ್ಲೇ ಹಣ ಕಟ್ಟಿದೆ ಎಂದರು. ಜೊತೆಗೆ, ತನ್ನ ವಿರುದ್ಧ ನಡೆಯುತ್ತಿರುವ ದಾಳಿ ಎಲ್ಲ ಗೆರೆಗಳನ್ನೂ ದಾಟಿದೆ ಎಂದರು. ಹೇಗೂ ಮೇ 2ರ ಮ್ಯಾಡ್ರಿಡ್ ದಿನಾಚರಣೆ ಮುಗಿದ ಮೇಲೆ ಇಳಿಯಲು ತೀರ್ಮಾನಿಸಿದ್ದಾಗಿಯೂ ಹೇಳಿದರು. ಒಂದೇ ಉಸಿರಿನಲ್ಲಿ ಮೂರು ಮಾತು. ಮೊದಲನೆಯದನ್ನು ಪೂರ್ತಿ ಬಿಡಿಸಿ ಹೇಳಿದ್ದರೆ ಅದಕ್ಕೆ ತೂಕ ಬರುತ್ತಿತ್ತು. ಅವತ್ತು ಏನೇನು ಕೊಂಡರು, ಯಾವುದಕ್ಕೆ ಬಿಲ್ ಆಯಿತು, ತಡೆದದ್ದು ಯಾರು ಎಂಬುದನ್ನೆಲ್ಲ. ಅದರ ಬದಲು ಮಾತು ಬೇಗನೆ ಸಂಚಿನ ಕಡೆ ಹೊರಳಿತು. ಸಂಚು ನಿಜವೇ ಆಗಿದ್ದರೂ, ಕೇಳುವವರಿಗೆ ಅದು ಉತ್ತರವಾಗಿ ಕಾಣುವುದಿಲ್ಲ.

ಆದರೆ ನಂಬಿಕೆ ಕೆಟ್ಟದ್ದು ಅದಕ್ಕೂ ಒಂದು ತಿಂಗಳ ಹಿಂದೆ. ಮಾರ್ಚ್ 21ರಂದು ‘ಎಲ್ ದಿಯಾರಿಯೊ’ ಪತ್ರಿಕೆ, ರೇ ಹುವಾನ್ ಕಾರ್ಲೋಸ್ ವಿಶ್ವವಿದ್ಯಾಲಯದಲ್ಲಿ ಆಕೆ ಪಡೆದ ಸ್ನಾತಕೋತ್ತರ ಪದವಿಯ ಅಂಕಗಳನ್ನು ಆಮೇಲೆ ತಿದ್ದಲಾಗಿದೆ ಎಂದು ಬಯಲಿಗೆಳೆದಿತ್ತು. ಆಗ ಆಕೆ ಹಿಂಜರಿಯದೆ ಒಂದು ದಾಖಲೆ ಹಿಡಿದು ತೋರಿಸಿದರು. ಕೆಲವೇ ದಿನಗಳಲ್ಲಿ ಅದರಲ್ಲಿದ್ದ ಕೆಲವು ಸಹಿಗಳು ನಕಲಿ ಎಂದು ಗೊತ್ತಾಯಿತು. ಏಪ್ರಿಲ್‌ನಲ್ಲಿ ಪದವಿಯನ್ನೇ ಬಿಟ್ಟುಕೊಟ್ಟರು. ಸಮಾಜವಾದಿಗಳು ಅವಿಶ್ವಾಸ ನಿರ್ಣಯ ತಂದಿದ್ದರು, ಬೆಂಬಲಕ್ಕಿದ್ದ ಸಿಯುದಾದಾನೋಸ್ ಪಕ್ಷವೂ ರಾಜೀನಾಮೆ ಕೇಳುತ್ತಿತ್ತು. ತುಣುಕು ಬಂದದ್ದು ಈ ಹೊತ್ತಿನಲ್ಲಿ. ಕ್ರೀಮಿನ ವಿಷಯದಲ್ಲಿ ಆಕೆ ನಿಜವನ್ನೇ ಹೇಳಿದ್ದಿರಬಹುದು. ಆದರೆ ಆ ದಾಖಲೆ ಹಿಡಿದ ಕೈಯನ್ನು ಊರೆಲ್ಲ ನೋಡಿಯಾಗಿತ್ತು.

ಎರಡು ದಿನದಲ್ಲಿ ಪಕ್ಷದ ಪ್ರಾಂತೀಯ ಅಧ್ಯಕ್ಷ ಸ್ಥಾನವನ್ನೂ ಬಿಟ್ಟರು. ಮೇ ತಿಂಗಳಲ್ಲಿ ಆಂಖೆಲ್ ಗಾರಿದೊ ಪ್ರಾಂತ್ಯದ ಸರ್ಕಾರದ ಅಧ್ಯಕ್ಷರಾದರು. ಪದವಿಯ ಪ್ರಕರಣ ನ್ಯಾಯಾಲಯಕ್ಕೆ ಹೋಗಿ, 2021ರ ಫೆಬ್ರವರಿಯಲ್ಲಿ ಸಿಫ್ವೆಂತೆಸ್ ಖುಲಾಸೆಯಾದರು. ದಾಖಲೆ ತಯಾರಿಸಿದ ವಿಷಯದಲ್ಲಿ ಬೇರೆ ಇಬ್ಬರಿಗೆ ಶಿಕ್ಷೆಯಾಯಿತು. ಕ್ರೀಮಿನ ವಿಷಯದಲ್ಲಿ ಆಕೆ ಯಾವ ನ್ಯಾಯಾಧೀಶರ ಮುಂದೆಯೂ ನಿಲ್ಲಲಿಲ್ಲ, ಹಾಗಾಗಿ ಅದರಿಂದ ಖುಲಾಸೆಯಾಗುವ ದಾರಿಯೂ ಆಕೆಗೆ ಇರಲಿಲ್ಲ.