ಆರ್ಕೇಡ್ ಮಾನಿಟರ್‌ನ ಮೇಲಂಚಿನ ಬಾಗು ಕೊನೆಗೂ ನೇರವಾಯಿತು

ಮೈಸೂರಿನಲ್ಲಿ ಮುಚ್ಚಿಹೋದ ವಿಡಿಯೊ ಗೇಮ್ ಪಾರ್ಲರೊಂದರಿಂದ ಬಂದ 20 ಇಂಚಿನ ಆರ್ಕೇಡ್ (ಪಾರ್ಲರಿನ ಗೇಮ್ ಯಂತ್ರದ) ಮಾನಿಟರ್‌ನಲ್ಲಿ ಲಿನಕ್ಸ್ ಕಂಪ್ಯೂಟರಿನ ಚಿತ್ರವು ಮೊದಲ ಗೆರೆಯಿಂದ ಕೊನೆಯ ಗೆರೆಯವರೆಗೆ ನೆಟ್ಟಗೆ ನಿಂತಿದೆ. ಹಿಂದಿನ ಟಿಪ್ಪಣಿಯಲ್ಲಿ ಹೇಳಿದ್ದ ಮೇಲಂಚಿನ ಬಾಗು, ಅಂದರೆ ಮೇಲಿನ ಹದಿನೈದಿಪ್ಪತ್ತು ಗೆರೆಗಳು ಕೊಕ್ಕೆಯಾಗಿ ಪಕ್ಕಕ್ಕೆ ವಾಲುತ್ತಿದ್ದ ದೋಷ, ಈಗ ಇಲ್ಲ. ಅದನ್ನು ಮರೆಮಾಡಿಲ್ಲ, ಅದರ ಕಾರಣವನ್ನೇ ತೆಗೆದಿದ್ದೇನೆ. ಇದೇ ತೊಂದರೆಯನ್ನು ಸಹಿಸಿಕೊಂಡು ಆಡುತ್ತಿರುವವರು ಬಹಳ ಮಂದಿ ಇದ್ದಾರೆಂದು ನನಗೆ ಗೊತ್ತಿರುವುದರಿಂದ ಈ ಭಾಗವನ್ನು ವಿವರವಾಗಿ ಬರೆಯುತ್ತಿದ್ದೇನೆ.

ಐಸೊಲೇಷನ್ ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್‌ಗಳ ಬದಲಾವಣೆ, ಗ್ರಾಫಿಕ್ಸ್ ಕಾರ್ಡಿನ 0.7 ವೋಲ್ಟ್ ಬಣ್ಣದ ಸಂಕೇತವನ್ನು ಚಾಸಿಸ್ (ಮಾನಿಟರ್‌ನ ಸರ್ಕ್ಯೂಟ್ ಫಲಕ) ಬಯಸುವ ಮಟ್ಟಕ್ಕೆ ಏರಿಸುವ ಆಂಪ್ಲಿಫೈಯರ್, ಇವೆಲ್ಲ ನಿಮಗೆ ಪರಿಚಿತವೇ ಆದ್ದರಿಂದ ಅವುಗಳನ್ನು ಬಿಡುತ್ತೇನೆ. ಮೋಡ್‌ಲೈನ್ (ಚಿತ್ರದ ಕಾಲಲೆಕ್ಕವನ್ನು ಗ್ರಾಫಿಕ್ಸ್ ಕಾರ್ಡಿಗೆ ಹೇಳುವ ಅಂಕಿಗಳ ಸಾಲು) ಮಾತ್ರ ಮುಂದಿನ ಮಾತಿಗೆ ಬೇಕು. ನಾನು ಆರಂಭಿಸಿದ್ದು ಇದರಿಂದ:

6.660 320 336 367 424 240 244 247 262

ಮೊದಲನೆಯದು ಪಿಕ್ಸೆಲ್ ಕ್ಲಾಕ್, ಅಂದರೆ ಪಿಕ್ಸೆಲ್‌ಗಳನ್ನು ಕಳಿಸುವ ವೇಗ. ಮುಂದಿನ ನಾಲ್ಕು ಅಡ್ಡ ಅಂಕಿಗಳು, ಕೊನೆಯ ನಾಲ್ಕು ಲಂಬ ಅಂಕಿಗಳು: ಕಾಣುವ ಭಾಗ, ಸಿಂಕ್‌ನ ಆರಂಭ, ಅದರ ಕೊನೆ, ಒಟ್ಟು. ಸಿಂಕ್ ಎಂದರೆ ಹೊಸ ಗೆರೆ (ಅಡ್ಡ ಸಿಂಕ್) ಅಥವಾ ಹೊಸ ಚಿತ್ರ (ಲಂಬ ಸಿಂಕ್) ಶುರುವೆಂದು ಮಾನಿಟರ್‌ಗೆ ತಿಳಿಸುವ ಸಂಕೇತ. 6.66 ಮೆಗಾಹರ್ಟ್ಸ್ ಅನ್ನು 424ರಿಂದ ಭಾಗಿಸಿದರೆ ಅಡ್ಡಗೆರೆಯ ಆವರ್ತನ ಸುಮಾರು 15.71 ಕಿಲೋಹರ್ಟ್ಸ್, ಅದನ್ನು 262ರಿಂದ ಭಾಗಿಸಿದರೆ ಸೆಕೆಂಡಿಗೆ 59.95 ಚಿತ್ರ. ಎರಡೂ ಸಿಂಕ್‌ಗಳು ಋಣ ಧ್ರುವತೆಯವು, ಅಂದರೆ ಸಿಂಕ್ ಬಂದಾಗ ತಂತಿಯ ವೋಲ್ಟೇಜ್ ಕೆಳಗಿಳಿಯುತ್ತದೆ. ಇಂಟೆಲ್‌ನ ಲಿನಕ್ಸ್ ಡ್ರೈವರ್ ವಿಜಿಎ ಹೊರದಾರಿಯಲ್ಲಿ 25 ಮೆಗಾಹರ್ಟ್ಸ್‌ಗಿಂತ ಕಡಿಮೆ ಪಿಕ್ಸೆಲ್ ಕ್ಲಾಕನ್ನು ಒಪ್ಪುವುದೇ ಇಲ್ಲ. ಹಾಗಾಗಿ ಅಡ್ಡ ಅಂಕಿಗಳನ್ನೆಲ್ಲ ಎಂಟರಿಂದ ಗುಣಿಸಿ, 53.28 ಮೆಗಾಹರ್ಟ್ಸ್‌ನಲ್ಲಿ 2560 ಪಿಕ್ಸೆಲ್ ಅಗಲದ ರೂಪವನ್ನೂ ಸಿದ್ಧಮಾಡಿಟ್ಟುಕೊಂಡಿದ್ದೇನೆ. ಮಾನಿಟರ್‌ಗೆ ಪಿಕ್ಸೆಲ್‌ಗಳ ಲೆಕ್ಕ ಕಾಣುವುದಿಲ್ಲ, ಗೆರೆಯ ಕಾಲಾವಧಿ ಮಾತ್ರ ಕಾಣುತ್ತದೆ. ಆದ್ದರಿಂದ ಎರಡೂ ಅದಕ್ಕೆ ಒಂದೇ.

ಬಾಗಿನ ವಿಷಯದಲ್ಲಿ ಮೊದಲು ಎಲ್ಲರೂ ಶಂಕಿಸುವುದು ಚಾಸಿಸ್‌ನ ವಯಸ್ಸನ್ನು. ಆ ಶಂಕೆಯನ್ನು ಪರಿಹರಿಸಿಕೊಳ್ಳುವ ನೇರ ದಾರಿಯೆಂದರೆ ನಿಜವಾದ ಗೇಮ್ ಬೋರ್ಡೊಂದನ್ನು ಜೋಡಿಸಿ ನೋಡುವುದು. ನನ್ನ ಬಳಿ ಇರುವ ಹಳೆಯ ಜಾಮಾ (ಆರ್ಕೇಡ್ ಯಂತ್ರಗಳ ಸಾಮಾನ್ಯ ಜೋಡಣಾ ಮಾದರಿಯ) ಬೋರ್ಡನ್ನು ಅದೇ ಮಾನಿಟರ್‌ಗೆ ಕೊಟ್ಟಾಗ ಚಿತ್ರ ಮೇಲಂಚಿನವರೆಗೂ ನೇರವಾಗಿತ್ತು. ಅಲ್ಲಿಗೆ ಚಾಸಿಸ್ ನಿರ್ದೋಷಿಯಾಯಿತು, ದೋಷ ಕಂಪ್ಯೂಟರಿನ ಕಡೆಯಿಂದ ಬರುವ ಸಂಕೇತದಲ್ಲಿದೆ ಎಂಬುದು ಖಚಿತವಾಯಿತು.

ಎರಡನೆಯ ಸುಳಿವು ಆಟದಿಂದ ಆಟಕ್ಕೆ ಬಾಗು ಬದಲಾಗುತ್ತಿದ್ದದ್ದು. ಕ್ಯಾಪ್‌ಕಾಮ್‌ನ ಸಿಪಿಎಸ್-1 ಬೋರ್ಡಿನ ಆಟಗಳಲ್ಲಿ ಒಟ್ಟು 262 ಗೆರೆಗಳಿದ್ದು, ಕಾಣುವುದು 224 ಮಾತ್ರ. ಉಳಿದ 38 ಗೆರೆಗಳು ಖಾಲಿ. ಅಲ್ಲಿ ಬಾಗು ಕಾಣುತ್ತಲೇ ಇರಲಿಲ್ಲ. 240 ಗೆರೆಗಳ ಡೆಸ್ಕ್‌ಟಾಪ್‌ನಲ್ಲಿ ಖಾಲಿ ಗೆರೆಗಳು 22 ಮಾತ್ರವಾದ್ದರಿಂದ ಅದು ಢಾಳಾಗಿ ಕಾಣುತ್ತಿತ್ತು. ಇರೆಮ್‌ನ ಆರ್-ಟೈಪ್ 284ರಲ್ಲಿ 256 ಗೆರೆಗಳನ್ನು ತೋರಿಸುತ್ತದೆ. ಅದರಲ್ಲಿ ಬಾಗು ಇವೆರಡರ ನಡುವೆ ಇತ್ತು. ಅಂದರೆ ಬಾಗು ಸದಾ ಇದ್ದೇ ಇತ್ತು. ಚಿತ್ರ ಶುರುವಾಗುವ ಮೊದಲೇ ಖಾಲಿ ಗೆರೆಗಳಲ್ಲಿ ಅದು ಮುಗಿದುಹೋದರೆ ನಮಗೆ ತಿಳಿಯುತ್ತಿರಲಿಲ್ಲ, ಅಷ್ಟೆ. ಬಹಳ ಮಂದಿ ಈ ದೋಷದೊಂದಿಗೆ ವರ್ಷಗಟ್ಟಲೆ ನೆಮ್ಮದಿಯಾಗಿರುವುದಕ್ಕೆ ಇದೇ ಕಾರಣವೆಂದು ನನಗೆ ಅನಿಸುತ್ತದೆ.

ಮೂರನೆಯ ಸುಳಿವು ಎಲ್ಲಕ್ಕಿಂತ ಹೆಚ್ಚು ಬೆಲೆಬಾಳುವಂಥದ್ದು. ಅಡ್ಡ ಆಸಿಲೇಟರ್‌ನ (ಮಾನಿಟರ್‌ನಲ್ಲಿ ಗೆರೆಗಳ ಲಯ ಹುಟ್ಟಿಸುವ ಸರ್ಕ್ಯೂಟಿನ) ಸಹಜ ವೇಗವನ್ನು ಬದಲಿಸುವ ಅಡ್ಡ ಹೋಲ್ಡ್ ತಿರುಪನ್ನು ಸ್ವಲ್ಪ ಒಂದು ಕಡೆಗೆ ತಿರುಗಿಸಿದರೆ ಮೇಲಂಚು ಎಡಕ್ಕೆ, ಇನ್ನೊಂದು ಕಡೆಗೆ ತಿರುಗಿಸಿದರೆ ಬಲಕ್ಕೆ ವಾಲುತ್ತಿತ್ತು. ಉಳಿದ ಚಿತ್ರ ಮಾತ್ರ ಕದಲುತ್ತಿರಲಿಲ್ಲ. ಅಡ್ಡ ಆಸಿಲೇಟರ್ ಸಿಂಕ್‌ನ ಹಿಡಿತದಲ್ಲಿ ಇರುವಷ್ಟು ಹೊತ್ತು ಹೋಲ್ಡ್ ತಿರುಪು ಚಿತ್ರವನ್ನು ಇಷ್ಟು ಅಲುಗಿಸಲಾರದು. ಆದ್ದರಿಂದ ಮೇಲಂಚಿಗೆ ಮುಂಚೆ ಆಸಿಲೇಟರ್ ಕೆಲಹೊತ್ತು ಹಿಡಿತ ತಪ್ಪಿ ತನ್ನದೇ ಸಹಜ ವೇಗದಲ್ಲಿ ಓಡುತ್ತಿತ್ತೆಂದೇ ಅರ್ಥ.

ವೋಲ್ಟೇಜಿನ ಏರಿಳಿತ ತೋರಿಸುವ ಆಸಿಲೋಸ್ಕೋಪಿನ ಒಂದು ಚಾನೆಲ್ಲನ್ನು ಲಂಬ ಸಿಂಕ್‌ಗೆ, ಇನ್ನೊಂದನ್ನು ಮಾನಿಟರ್‌ಗೆ ಹೋಗುವ ಸಂಯುಕ್ತ ಸಿಂಕ್‌ಗೆ ಹಿಡಿದಾಗ ಎಲ್ಲವೂ ಬಿಚ್ಚಿಕೊಂಡಿತು. ನಾನು ಬಳಸುತ್ತಿದ್ದ ಸಿದ್ಧ ಜೋಡಣಾ ಫಲಕವು ಅಡ್ಡ ಮತ್ತು ಲಂಬ ಸಿಂಕ್‌ಗಳನ್ನು ಡಯೋಡುಗಳ ಮೂಲಕ ಒಂದೇ ತಂತಿಗೆ ಸೇರಿಸುತ್ತದೆ. ಎರಡರಲ್ಲಿ ಒಂದು ಕೆಳಗಿಳಿದರೂ ತಂತಿ ಕೆಳಗಿಳಿಯುತ್ತದೆ. ಲಂಬ ಸಿಂಕ್ ಕೆಳಗಿರುವ ಮೂರು ಗೆರೆಗಳ ಕಾಲ ತಂತಿ ಪೂರ್ತಿ ಕೆಳಗೇ ಇರುವುದರಿಂದ, ಆ ಅವಧಿಯಲ್ಲಿ ಅಡ್ಡ ಸಿಂಕ್‌ನ ಒಂದು ಅಂಚೂ ಮಾನಿಟರ್‌ಗೆ ತಲುಪುವುದಿಲ್ಲ. ಭಜನೆಯಲ್ಲಿ ತಾಳ ಹಾಕುವವನು ಕೆಲವು ಆವರ್ತ ಕೈಬಿಟ್ಟರೆ ಹಾಡುವವರ ಲಯ ಜಾರಿ, ತಾಳ ಮರಳಿದ ಮೇಲೂ ಸರಿಹೊಂದಲು ಸ್ವಲ್ಪ ಹೊತ್ತು ಹಿಡಿಯುವಂತೆ, ಆಸಿಲೇಟರ್ ಮತ್ತೆ ಹೆಜ್ಜೆ ಕೂಡಿಸಿಕೊಳ್ಳಲು ಹಲವು ಗೆರೆಗಳು ಬೇಕಾಗುತ್ತವೆ. ಆ ಗೆರೆಗಳೇ ನಮಗೆ ಕಾಣುವ ಬಾಗು. ಜಾಮಾ ಬೋರ್ಡಿನ ಸಿಂಕನ್ನು ನೋಡಿದರೆ ಲಂಬ ಸಿಂಕ್‌ನ ನಡುವೆಯೂ ಕಿರಿದಾದ ಹಲ್ಲುಗಳು (ತಂತಿ ಕ್ಷಣಕಾಲ ಮೇಲೇರಿ ಇಳಿಯುವ ಏರುಗಳು) ಇದ್ದವು, ಮತ್ತು ಪ್ರತಿ ಹಲ್ಲಿನ ಇಳಿಯುವ ಅಂಚು ಸರಿಯಾದ ಕ್ಷಣದಲ್ಲೇ ಬೀಳುತ್ತಿತ್ತು.

ಇಷ್ಟಾದ ಮೇಲೆ ಮೊದಲು ಸೂಚಿತವಾಗುವ ಪರಿಹಾರ ಎಕ್ಸ್‌ಕ್ಲೂಸಿವ್ ಆರ್ ಗೇಟ್, ಅಂದರೆ ಒಳಬರುವ ಎರಡು ಸಂಕೇತಗಳು ಬೇರೆಬೇರೆಯಾಗಿದ್ದಾಗ ಮಾತ್ರ ಮೇಲೇರುವ ಗೇಟ್. ಇಂಥ ಗೇಟ್‌ಗಳಿರುವ 74ಎಚ್‌ಸಿಟಿ86 ಚಿಪ್ಪಿನಿಂದ ಎರಡೂ ಸಿಂಕ್‌ಗಳನ್ನು ಸೇರಿಸಿ, ಫಲಿತಾಂಶವನ್ನು ತಲೆಕೆಳಗು ಮಾಡಿದರೆ ಲಂಬ ಸಿಂಕ್‌ನ ಅವಧಿಯಲ್ಲೂ ಹಲ್ಲುಗಳು ಬರುತ್ತವೆ. ಹಲವು ಸರ್ಕ್ಯೂಟ್ ಚಿತ್ರಗಳು ಇಲ್ಲಿಗೇ ನಿಲ್ಲುತ್ತವೆ. ಆದರೆ ಈ ಹಲ್ಲು ಅಡ್ಡ ಸಿಂಕ್ ಶುರುವಾಗುವಾಗ ಮೇಲೇರಿ, ಅದು ಮುಗಿಯುವಾಗ ಕೆಳಗಿಳಿಯುತ್ತದೆ. ಮಾನಿಟರ್ ಗಮನಿಸುವುದು ಇಳಿಯುವ ಅಂಚನ್ನು. ನನ್ನ ಮೋಡ್‌ಲೈನ್‌ನಲ್ಲಿ ಅಡ್ಡ ಸಿಂಕ್‌ನ ಅಗಲ 31 ಪಿಕ್ಸೆಲ್, ಅಂದರೆ ಸುಮಾರು 4.65 ಮೈಕ್ರೊಸೆಕೆಂಡ್ ಆಗಿರುವುದರಿಂದ, ಆ ಮೂರು ಗೆರೆಗಳಲ್ಲಿ ಅಂಚು ಅಷ್ಟೇ ತಡವಾಗಿ ಬೀಳುತ್ತದೆ. ಆಸಿಲೇಟರ್ ಆ ತಡವನ್ನು ನಂಬಿ ಹಿಂದುಳಿಯುತ್ತದೆ, ಮೇಲಂಚು ಎಡಕ್ಕೆ ಸರಿಯುತ್ತದೆ. ಹೋಲ್ಡ್ ತಿರುಪಿನಿಂದ ಈಗ ದಿಕ್ಕು ಬದಲಾಗುತ್ತಿರಲಿಲ್ಲ, ಬಾಗು ಸದಾ ಎಡಕ್ಕೇ ಇತ್ತು. ಅಡ್ಡ ಸಿಂಕನ್ನು 16 ಪಿಕ್ಸೆಲ್‌ಗೆ ಇಳಿಸಿದಾಗ ಬಾಗೂ ತಕ್ಕಷ್ಟು ಕುಗ್ಗಿದ್ದರಿಂದ ಈ ವಿವರಣೆ ಸರಿಯೆಂದು ಖಾತ್ರಿಯಾಯಿತು.

ಲಂಬ ಅಂಕಿಗಳನ್ನು 240 241 244 262 ಎಂದು ಬದಲಿಸಿ, ಸಿಂಕ್‌ನ ನಂತರದ ಖಾಲಿ ಗೆರೆಗಳನ್ನು 15ರಿಂದ 18ಕ್ಕೆ ಏರಿಸುವುದು ಇನ್ನೊಂದು ಉಪಾಯ. ಅದರಿಂದ ಬಾಗಿನ ಒಂದು ಭಾಗ ಮೇಲಕ್ಕೆ ಸರಿದು ಮರೆಯಾಗುತ್ತದೆ, ಆದರೆ ಚಿತ್ರ ಮೂರು ಗೆರೆ ಕೆಳಗಿಳಿಯುತ್ತದೆ. ಬೆಸುಗೆ ಹಾಕಲು ಮನಸ್ಸಿಲ್ಲದವರಿಗೆ ಇದೇ ಒಳ್ಳೆಯದು. ನನಗೆ ಅದು ಸಾಲಲಿಲ್ಲ.

ಬೇಕಾದದ್ದು ಇಷ್ಟು: ಲಂಬ ಸಿಂಕ್ ನಡೆಯುತ್ತಿರುವಾಗ ಪ್ರತಿ ಗೆರೆಯ ಕೊನೆಯ ನಾಲ್ಕೈದು ಮೈಕ್ರೊಸೆಕೆಂಡ್ ಮಾತ್ರ ತಂತಿ ಮೇಲೇರಿ, ಮುಂದಿನ ಗೆರೆ ಶುರುವಾಗುವ ಕ್ಷಣಕ್ಕೆ ಸರಿಯಾಗಿ ಕೆಳಗಿಳಿಯಬೇಕು. ಇದಕ್ಕೆ ಒಂದು ಮೊನೊಸ್ಟೇಬಲ್ (ಎಬ್ಬಿಸಿದಾಗ ಗೊತ್ತಾದ ಅವಧಿಯವರೆಗೆ ಮಾತ್ರ ಎದ್ದಿರುವ ಸರ್ಕ್ಯೂಟ್) ಸಾಕು. ಇಂಥ ಎರಡನ್ನು ಹೊಂದಿರುವ 74ಎಚ್‌ಸಿಟಿ123 ಚಿಪ್ಪಿನ ಅರ್ಧವನ್ನು ಅಡ್ಡ ಸಿಂಕ್‌ನ ಇಳಿಯುವ ಅಂಚಿನಿಂದ ಎಬ್ಬಿಸಿ, 59 ಮೈಕ್ರೊಸೆಕೆಂಡ್ ಅವಧಿಗೆ ಹೊಂದಿಸಿದೆ. ಅದರ ತಲೆಕೆಳಗಾದ ಹೊರದಾರಿ ಗೆರೆಯ ಆರಂಭದಲ್ಲೇ ಕೆಳಗಿಳಿದು, 59 ಮೈಕ್ರೊಸೆಕೆಂಡ್ ಅಲ್ಲೇ ಇದ್ದು, ಉಳಿದ ಸುಮಾರು 4.7 ಮೈಕ್ರೊಸೆಕೆಂಡ್ ಮೇಲಿರುತ್ತದೆ. ನಮಗೆ ಬೇಕಾದ ಹಲ್ಲು ಇದೇ. ಲಂಬ ಸಿಂಕ್ ಇಲ್ಲದಾಗ ಅಡ್ಡ ಸಿಂಕನ್ನೂ, ಇದ್ದಾಗ ಮೊನೊಸ್ಟೇಬಲ್‌ನ ಹೊರದಾರಿಯನ್ನೂ ಆರಿಸುವ ಕೆಲಸ 74ಎಚ್‌ಸಿಟಿ00ರದ್ದು. ಅದರ ಒಂದು ಗೇಟ್ ಲಂಬ ಸಿಂಕನ್ನು ತಲೆಕೆಳಗು ಮಾಡುತ್ತದೆ, ಎರಡು ಗೇಟ್‌ಗಳು ಆಯ್ಕೆ ಮಾಡುತ್ತವೆ, ನಾಲ್ಕನೆಯದು ಎರಡನ್ನೂ ಸೇರಿಸುತ್ತದೆ. ನಾಲ್ಕಕ್ಕೆ ನಾಲ್ಕೂ ಗೇಟ್‌ಗಳು ಬಳಕೆಯಾಗಿ ಒಂದೂ ಮಿಗದೆ ಹೋದದ್ದು ನನಗೆ ಬಹಳ ಸಂತೋಷ ಕೊಟ್ಟಿತು.

ಎಚ್‌ಸಿ ಬದಲು ಎಚ್‌ಸಿಟಿ ಸರಣಿಯನ್ನೇ ಬಳಸಿರಿ. ಕೆಲವು ಕಾರ್ಡುಗಳ ಸಿಂಕ್ 3.3 ವೋಲ್ಟ್‌ನದ್ದು. 5 ವೋಲ್ಟ್‌ನಲ್ಲಿ ನಡೆಯುವ ಎಚ್‌ಸಿ ಚಿಪ್ಪು ಅದನ್ನು ಖಚಿತವಾಗಿ ಮೇಲ್ಮಟ್ಟವೆಂದು ಗುರುತಿಸಬೇಕೆಂಬ ನಿಯಮವಿಲ್ಲ. ಎಚ್‌ಸಿಟಿಗೆ 2 ವೋಲ್ಟ್ ಸಾಕು.

ಇಷ್ಟು ಚೆನ್ನಾಗಿ ನಡೆಯುತ್ತಿದ್ದ ಫಲಕವು ಕ್ಯಾಬಿನೆಟ್ಟಿನೊಳಗೆ ಕೂತು ಬಿಸಿಯೇರಿದ ಮೇಲೆ ಚಿತ್ರವನ್ನು ಉರುಳಿಸತೊಡಗಿತು. ಹೊರಗೆ ಮೇಜಿನ ಮೇಲಿಟ್ಟರೆ ಗಂಟೆಗಟ್ಟಲೆ ಸರಿಯಾಗಿರುತ್ತಿತ್ತು. ಸ್ಕೋಪಿನಲ್ಲಿ ನೋಡಿದರೆ 59 ಮೈಕ್ರೊಸೆಕೆಂಡ್ ಇರಬೇಕಾದ ಅವಧಿ 40ಕ್ಕಿಂತ ಕೆಳಗಿಳಿದಿತ್ತು. ಹಲ್ಲುಗಳು ಅಷ್ಟು ಅಗಲವಾದರೆ ಲಂಬ ಸಿಂಕನ್ನು ಬೇರ್ಪಡಿಸುವ ಭಾಗಕ್ಕೆ ಅದು ಲಂಬ ಸಿಂಕ್ ಎಂದು ತಿಳಿಯುವುದೇ ಇಲ್ಲ. ಇದಕ್ಕೆ ಹೊಣೆ ಕಾಲಾವಧಿಯ 10 ನ್ಯಾನೊಫ್ಯಾರಡ್ ಕೆಪಾಸಿಟರ್. ನಾನು ಪೂರೈಕೆದಾರರಲ್ಲಿ ಕೇಳಿದ್ದು 103ಜೆ ಗುರುತಿನ ಪಾಲಿಯೆಸ್ಟರ್ ಕೆಪಾಸಿಟರ್. ಅವರು ಕಳಿಸಿದ್ದು 103ಝಡ್ ಗುರುತಿನ ಸೆರಾಮಿಕ್ ಬಿಲ್ಲೆ. ಬೆಲೆಪಟ್ಟಿಯಲ್ಲಿ ಮಾತ್ರ ಪಾಲಿಯೆಸ್ಟರ್ ಎಂದೇ ನಮೂದಿಸಿದ್ದರು. ಈ ಬಗೆಯ ಸೆರಾಮಿಕ್ ವಿದ್ಯುತ್ ಸರಬರಾಜಿನ ಗದ್ದಲ ಹೀರಲು ತಕ್ಕದ್ದೇ ಹೊರತು ಕಾಲ ಅಳೆಯಲು ಅಲ್ಲ. ಅದರ ಧಾರಣಶಕ್ತಿ ಬಿಸಿಗೆ ತೀವ್ರವಾಗಿ ಕುಗ್ಗುತ್ತದೆ. ಎರಡೂ 10 ನ್ಯಾನೊಫ್ಯಾರಡ್ ತಾನೇ ಎಂದು ದೂರವಾಣಿಯಲ್ಲಿ ಬಂದ ಉತ್ತರ ನನಗೆ ನಿಜಕ್ಕೂ ಬೇಸರ ತಂದಿತು, ಏಕೆಂದರೆ ಬಿಡಿಭಾಗ ಮಾರುವವರಿಗೆ ಗೊತ್ತಿರಲೇಬೇಕಾದ ವ್ಯತ್ಯಾಸವದು. ಕೊನೆಗೆ ಬೆಂಗಳೂರಿನ ಎಸ್.ಪಿ. ರಸ್ತೆಯ ಪುಟ್ಟ ಅಂಗಡಿಯೊಂದರಲ್ಲಿ ಹಸಿರು ಪಾಲಿಯೆಸ್ಟರ್ ಕೆಪಾಸಿಟರ್‌ಗಳು ಸಿಕ್ಕವು. ಅಂಗಡಿಯವರು ಕೇಳದೆಯೇ ಮೀಟರಿನಲ್ಲಿ ಅಳೆದು ತೋರಿಸಿ ಕೊಟ್ಟರು.

ರೆಸಿಸ್ಟರ್‌ನ ಲೆಕ್ಕವೂ ಇಲ್ಲಿರಲಿ. ಈ ಚಿಪ್ಪಿನ ಅವಧಿ ಸುಮಾರು 0.45 ಪಟ್ಟು ರೆಸಿಸ್ಟರ್ ಮತ್ತು ಕೆಪಾಸಿಟರ್‌ಗಳ ಗುಣಲಬ್ಧ. 10 ನ್ಯಾನೊಫ್ಯಾರಡ್‌ಗೆ 13 ಕಿಲೋಓಮ್ ಬೇಕಾಗುತ್ತದೆ. ತಯಾರಕರಿಂದ ತಯಾರಕರಿಗೆ ಈ ಗುಣಾಂಕ ಬದಲಾಗುವುದರಿಂದ 10 ಕಿಲೋಓಮ್‌ನ ಜೊತೆ 5 ಕಿಲೋಓಮ್‌ನ ಟ್ರಿಮ್ಮರ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಹಾಕಿ ಸ್ಕೋಪ್ ನೋಡಿಕೊಂಡು ಹೊಂದಿಸಬೇಕು.

59 ಎಂಬ ಅಂಕಿಯನ್ನು ಆರಿಸಿದ್ದಕ್ಕೆ ಮುಂದಿನ ಯೋಜನೆಯೂ ಒಂದು ಕಾರಣ. ಮಾನಿಟರನ್ನು ಚೌಕಟ್ಟಿನಲ್ಲೇ 90 ಡಿಗ್ರಿ ತಿರುಗಿಸುವ ವ್ಯವಸ್ಥೆ ಮಾಡಿ, ನಿಲುವು ಪರದೆಯ ಆಟಗಳನ್ನು ಅವುಗಳ ಮೂಲ ಆವರ್ತನದಲ್ಲೇ ಆಡಬೇಕೆಂದಿದ್ದೇನೆ. ಪ್ಯಾಕ್‌ಮ್ಯಾನ್‌ನ ಪಿಕ್ಸೆಲ್ ಕ್ಲಾಕ್ 6.144 ಮೆಗಾಹರ್ಟ್ಸ್, ಒಂದು ಗೆರೆಗೆ ಒಟ್ಟು 384 ಪಿಕ್ಸೆಲ್. ಭಾಗಿಸಿದರೆ ಸರಿಯಾಗಿ 16 ಕಿಲೋಹರ್ಟ್ಸ್ ಬರುತ್ತದೆ. 264 ಗೆರೆಗಳಿಗೆ ಸೆಕೆಂಡಿಗೆ 60.606 ಚಿತ್ರ. ಅಲ್ಲಿ ಗೆರೆಯ ಅವಧಿ 62.5 ಮೈಕ್ರೊಸೆಕೆಂಡ್, ಹಲ್ಲಿಗೆ ಉಳಿಯುವುದು 3.5. ನಿಯೊ ಜಿಯೊ ಮತ್ತು ಆರ್-ಟೈಪ್‌ಗಳು 15.625 ಕಿಲೋಹರ್ಟ್ಸ್‌ನಲ್ಲಿ ನಡೆಯುವುದರಿಂದ ಗೆರೆಗೆ 64 ಮೈಕ್ರೊಸೆಕೆಂಡ್, ಹಲ್ಲಿಗೆ 5. ಈ ಎರಡು ತುದಿಗಳ ನಡುವಿನ ಯಾವ ಆಟಕ್ಕೂ ಟ್ರಿಮ್ಮರ್ ಮುಟ್ಟಬೇಕಾಗಿಲ್ಲ. ಸೆಕೆಂಡಿಗೆ 54.7 ಚಿತ್ರದ ಮಾರ್ಟಲ್ ಕಾಂಬ್ಯಾಟ್ ಕೂಡ ಗೆರೆಯ ಲೆಕ್ಕದಲ್ಲಿ 15.81 ಕಿಲೋಹರ್ಟ್ಸ್ ಆಗಿರುವುದರಿಂದ ಇದರೊಳಗೇ ಬರುತ್ತದೆ. ಅದಕ್ಕೆ ಬೇಕಾಗುವುದು ಲಂಬ ಹೋಲ್ಡ್‌ನ ಹೊಂದಾಣಿಕೆ ಮಾತ್ರ.

74ಎಚ್‌ಸಿಟಿ123ರ ಇನ್ನರ್ಧ ಸದ್ಯಕ್ಕೆ ಖಾಲಿ ಕೂತಿದೆ, ಅದಕ್ಕೂ ಕೆಲಸ ಗೊತ್ತುಮಾಡಿದ್ದೇನೆ. ಕಂಪ್ಯೂಟರ್ ಶುರುವಾಗುವಾಗ ಡ್ರೈವರ್ ಏಳುವ ಮುನ್ನ ಕಾರ್ಡು 31 ಕಿಲೋಹರ್ಟ್ಸ್ ಸಂಕೇತ ಕಳಿಸುತ್ತದೆ. ಅದು ಹೀಗೆಯೇ ಚಾಸಿಸ್‌ಗೆ ಹೋದರೆ ಅಡ್ಡ ಔಟ್‌ಪುಟ್ ಟ್ರಾನ್ಸಿಸ್ಟರ್‌ಗೆ ಅಪಾಯ. ಈಗ ನಾನು ಕಂಪ್ಯೂಟರ್ ಪೂರ್ತಿ ಎದ್ದ ಮೇಲೆಯೇ ಮಾನಿಟರ್‌ಗೆ ವಿದ್ಯುತ್ ಕೊಡುತ್ತಿದ್ದೇನೆ. ಎರಡನೆಯ ಅರ್ಧವನ್ನು 45 ಮೈಕ್ರೊಸೆಕೆಂಡ್‌ಗೆ ಹೊಂದಿಸಿದರೆ, 15 ಕಿಲೋಹರ್ಟ್ಸ್‌ನಲ್ಲಿ ಅದು ಪ್ರತಿ ಗೆರೆಯಲ್ಲೂ ಮುಗಿಯುತ್ತದೆ. 31 ಕಿಲೋಹರ್ಟ್ಸ್‌ನಲ್ಲಿ ಗೆರೆಗೆ 32 ಮೈಕ್ರೊಸೆಕೆಂಡ್ ಸಹ ಇಲ್ಲದ ಕಾರಣ, ಮುಗಿಯುವ ಮೊದಲೇ ಮತ್ತೆ ಎಬ್ಬಿಸಲ್ಪಟ್ಟು ಸದಾ ಮೇಲೆಯೇ ಉಳಿಯುತ್ತದೆ. ಅಡ್ಡ ಸಿಂಕನ್ನು ತಲೆಕೆಳಗು ಮಾಡಿ ಡಿ ಫ್ಲಿಪ್‌ಫ್ಲಾಪ್‌ಗೆ ಕ್ಲಾಕ್ ಆಗಿ ಕೊಟ್ಟು, ಪ್ರತಿ ಗೆರೆಯ ಆರಂಭದಲ್ಲಿ ಈ ಸ್ಥಿತಿಯನ್ನು ಹಿಡಿದಿಟ್ಟರೆ, ತಪ್ಪು ಆವರ್ತನ ಬಂದಾಗ ಸಿಂಕನ್ನು ತಡೆಯುವ ಕಾವಲು ಸಿಗುತ್ತದೆ. 74ಎಚ್‌ಸಿಟಿ74 ಮತ್ತು ಒಂದು ಇನ್ವರ್ಟರ್ ಚಿಪ್ಪನ್ನು ತಂದಿಟ್ಟಿದ್ದೇನೆ. ಪಾಲಿಯೆಸ್ಟರ್ ಕೆಪಾಸಿಟರ್‌ಗಳು ಬೇಕಾದಷ್ಟಿವೆ. ಮುಂದಿನ ಟಿಪ್ಪಣಿಯಲ್ಲಿ ಈ ಕಾವಲಿನ ಸರ್ಕ್ಯೂಟನ್ನು ಅಳತೆಗಳ ಸಮೇತ ಬರೆಯುತ್ತೇನೆ.