ನಾನು ಮಾಡಿದ್ದೇನು ಎಂದು ಬರೆಯುವುದು

ಅಮೆರಿಕದ ಸೋಯಾ ಹೊಲಗಳಲ್ಲಿ ಬೇರು ಕೊಳೆಸುವ ಫೈಟಾಫ್ತೊರಾ, ನಮ್ಮ ಮಲೆನಾಡಿನ ಅಡಿಕೆಗೆ ಕೊಳೆರೋಗ ತರುವ ಜೀವಿಯ ಕುಲಕ್ಕೇ ಸೇರಿದ್ದು. ಮೈಲುತುತ್ತ ಮತ್ತು ಸುಣ್ಣ ಕದಡಿ ಬೋರ್ಡೋ ದ್ರಾವಣ ಸಿದ್ಧ ಮಾಡಿಟ್ಟುಕೊಂಡು, ಮಳೆ ಒಂದು ಗಳಿಗೆ ಬಿಡುವು ಕೊಟ್ಟರೆ ಕೊನೆಗಳಿಗೆ ಹೊಡೆಸೋಣವೆಂದು ಅಪ್ಪಯ್ಯ ಜಗಲಿಯಲ್ಲಿ ಆಕಾಶ ನೋಡುತ್ತ ಕೂರುತ್ತಿದ್ದುದನ್ನು ಕಂಡು ಬೆಳೆದವನು ನಾನು. ಆ ಜೀವಿಯ ಹಿಂದೆ ಬಿದ್ದೇ ಪಿಎಚ್‌.ಡಿ. ಮುಗಿಸಿ ಅಮೆರಿಕಕ್ಕೆ ಬಂದೆ. ಇಲ್ಲಿ ನೆಲೆಸುವುದಕ್ಕಾಗಿ 2021ರ ಮಾರ್ಚ್‌ನಲ್ಲಿ ಹಾಕಿದ ಅರ್ಜಿಯ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ, ಏಕೆಂದರೆ ಸಂಶೋಧನೆಯಲ್ಲಿರುವ ನಮ್ಮ ಹುಡುಗರು ನಾನು ಎಡವಿದ ಜಾಗದಲ್ಲಿಯೇ ಎಡವುವುದನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ.

ಉನ್ನತ ಪದವಿ ಪಡೆದವರಿಗಿರುವ ಇಬಿ-2 ಎಂಬ ಗ್ರೀನ್ ಕಾರ್ಡ್ ವರ್ಗದಲ್ಲಿ ಸಾಮಾನ್ಯವಾಗಿ ಕೆಲಸ ಕೊಡುವವರೇ ಐ-140 ಎಂಬ ವಲಸೆ ಅರ್ಜಿ ಹಾಕಬೇಕು. ಅದಕ್ಕೂ ಮೊದಲು, ಆ ಕೆಲಸಕ್ಕೆ ಅರ್ಹರಾದ ಅಮೆರಿಕನ್ನರು ಸಿಗಲಿಲ್ಲವೆಂದು ತೋರಿಸುವ ಲೇಬರ್ ಸರ್ಟಿಫಿಕೇಷನ್ ಪಡೆಯಬೇಕು. ನ್ಯಾಷನಲ್ ಇಂಟರೆಸ್ಟ್ ವೇವರ್ (ದೇಶದ ಹಿತಕ್ಕಾಗಿ ಕೊಡುವ ವಿನಾಯಿತಿ) ಎಂಬ ದಾರಿಯಲ್ಲಿ ಇವೆರಡೂ ಬೇಕಿಲ್ಲ, ಸಂಶೋಧಕ ತನ್ನ ಅರ್ಜಿಯನ್ನು ತಾನೇ ಹಾಕಿಕೊಳ್ಳಬಹುದು. 2016ರ ಡಿಸೆಂಬರ್‌ನಲ್ಲಿ ಬಂದ ಧನಸಾರ್ ಪ್ರಕರಣದ ತೀರ್ಪು ಇದಕ್ಕೆ ಮೂರು ಪ್ರಶ್ನೆಗಳನ್ನು ನಿಗದಿ ಮಾಡಿತು. ಕೈಗೊಂಡಿರುವ ಕಾರ್ಯಕ್ಕೆ ಗಣನೀಯ ಮೌಲ್ಯವೂ ರಾಷ್ಟ್ರೀಯ ಮಹತ್ವವೂ ಇದೆಯೇ, ಅದನ್ನು ಮುಂದೆ ಒಯ್ಯಲು ಈ ವ್ಯಕ್ತಿ ಸಮರ್ಥನೇ, ಮತ್ತು ಎಲ್ಲವನ್ನೂ ತೂಗಿ ನೋಡಿದರೆ ಆ ಷರತ್ತುಗಳನ್ನು ಬಿಟ್ಟುಕೊಡುವುದರಿಂದ ದೇಶಕ್ಕೆ ಲಾಭವಿದೆಯೇ ಎಂಬುವೇ ಅವು.

ನಾನು ಎಡವಿದ್ದು ಮೊದಲ ಪ್ರಶ್ನೆಯಲ್ಲಿ. ಸೋಯಾ ಅಮೆರಿಕಕ್ಕೆ ಎಷ್ಟು ದೊಡ್ಡ ಬೆಳೆ, ಬೇರುಕೊಳೆಯಿಂದ ರೈತರಿಗೆ ಎಷ್ಟು ನಷ್ಟ ಎಂದು ಹನ್ನೆರಡು ಪುಟ ಬರೆದಿದ್ದೆ. ಕೆಲವು ತಿಂಗಳ ಬಳಿಕ ವಲಸೆ ಇಲಾಖೆಯಿಂದ ಹೆಚ್ಚಿನ ಪುರಾವೆ ಕೇಳುವ ಪತ್ರ, ಎಲ್ಲರೂ ಆರ್‌ಎಫ್‌ಇ ಎನ್ನುವುದು, ಮನೆಗೆ ಬಂತು. ಬೆಳೆ ಮುಖ್ಯವೆಂಬುದನ್ನು ಒಪ್ಪುತ್ತೇವೆ, ಆದರೆ ನೀವು ಮಾಡಹೊರಟಿರುವ ನಿರ್ದಿಷ್ಟ ಕಾರ್ಯ ಯಾವುದು, ಅದರ ಪರಿಣಾಮ ನಿಮ್ಮ ಪ್ರಯೋಗಾಲಯದಾಚೆ ಹೇಗೆ ತಲುಪುತ್ತದೆ ಎಂಬುದು ಅದರ ತಿರುಳು. ಆ ರಾತ್ರಿ ನಿದ್ದೆ ಬರಲಿಲ್ಲ. ಮಾರನೆಯ ದಿನ ತೀರ್ಪನ್ನು ಕೂತು ಓದಿದಾಗ, ಕ್ಷೇತ್ರದ ಮಹತ್ವವಲ್ಲ, ಅರ್ಜಿದಾರನ ಕಾರ್ಯದ ಮಹತ್ವವನ್ನು ನೋಡಬೇಕೆಂದು ಅಲ್ಲಿಯೇ ಸ್ಪಷ್ಟವಾಗಿ ಬರೆದಿತ್ತು. ಕೇಳಿದ್ದು ನ್ಯಾಯವೇ ಆಗಿತ್ತು.

ಶಿಫಾರಸು ಪತ್ರಗಳಲ್ಲೂ ಇದೇ ದೋಷವಿತ್ತು. ವಕೀಲರ ಕಚೇರಿಯವರು ಕೊಟ್ಟ ಮಾದರಿಯನ್ನೇ ತಿದ್ದಿ ಕಳುಹಿಸಿದ್ದರಿಂದ, ಆರರಲ್ಲಿ ನಾಲ್ಕು ಪತ್ರಗಳಲ್ಲಿ ನಾನು "ತನ್ನ ಕ್ಷೇತ್ರದ ಮುಂಚೂಣಿಯಲ್ಲಿರುವ ಅಪರೂಪದ ವಿಜ್ಞಾನಿ" ಆಗಿದ್ದೆ. ಆ ಮಾತು ಯಾರ ಬಗ್ಗೆ ಬೇಕಾದರೂ ಹೇಳಬಹುದಾದದ್ದು. ಉತ್ತರ ಕೊಡಲು ನನಗಿದ್ದ 84 ದಿನಗಳಲ್ಲಿ, ಸಂಶೋಧನೆಯನ್ನು ರೈತರಿಗೆ ತಲುಪಿಸುವ, ಮುಖಪರಿಚಯವೇ ಇಲ್ಲದ ಒಬ್ಬ ವಿಸ್ತರಣಾ ವಿಜ್ಞಾನಿಗೆ ಬರೆದೆ. ಹೊಲದ ಮಣ್ಣಿನಲ್ಲಿರುವ ಫೈಟಾಫ್ತೊರಾ ಬೀಜದೊಳಗಿನ ಯಾವ ನಿರೋಧಕ ಜೀನನ್ನು ಮಣಿಸಬಲ್ಲದು ಎಂದು ಬೇಗ ತಿಳಿಸುವ ಒಂದು ಪರೀಕ್ಷೆಯನ್ನು ನಾನು ರೂಪಿಸಿದ್ದೆ. ಅವರು ಅದನ್ನು ಬಳಸಿದ್ದಾರೆಂದು ಅವರ ಒಂದು ಪ್ರಬಂಧದಿಂದ ಗೊತ್ತಾಗಿತ್ತು. ಅವರು ಕಳುಹಿಸಿದ್ದು ಒಂದೂವರೆ ಪುಟ. ಹೊಗಳಿಕೆಯ ಒಂದು ಪದವೂ ಅದರಲ್ಲಿರಲಿಲ್ಲ. ಒಂದು ಕೌಂಟಿಯಲ್ಲಿ ಎರಡು ಸಲ ಬಿತ್ತಿದರೂ ಸಸಿ ಸತ್ತ ಹೊಲಗಳ ಮಣ್ಣು ತರಿಸಿ ಪರೀಕ್ಷಿಸಿದ್ದು, ಹಳೆಯ ತಳಿ ಇನ್ನು ತಾಳದೆಂದು ಕಂಡದ್ದು, ಮರುವರ್ಷ ರೈತರು ಬೇರೆ ತಳಿ ಬಿತ್ತಿದ್ದು ಮಾತ್ರ ಇತ್ತು. ಅಧಿಕಾರಿಯ ಪ್ರಶ್ನೆಗೆ ನೇರ ಉತ್ತರ ಅದೇ. ಅದನ್ನೇ ಮುಂದಿಟ್ಟು ಉಳಿದ ವಾದವನ್ನು ಅದರ ಸುತ್ತ ಹೊಸದಾಗಿ ಬರೆದೆ.

ನಮ್ಮವರಿಗೆ ಇದು ಕಷ್ಟವೆನ್ನುವುದು ನನ್ನ ಅನುಭವ. ಪ್ರಬಂಧಗಳಲ್ಲಿ "ನಾವು" ಎಂದು ಬರೆದು ರೂಢಿಯಾದವರಿಗೆ, ತನ್ನನ್ನು ತಾನೇ ಹೇಳಿಕೊಳ್ಳುವುದು ಸಣ್ಣತನವೆಂದು ಮನೆಯಲ್ಲಿ ಕಲಿತವರಿಗೆ, "ಇದು ನನ್ನ ಕೈಯಿಂದ ಆಯಿತು" ಎಂಬ ವಾಕ್ಯ ಬಾಯಿಗೆ ಬರುವುದಿಲ್ಲ. ಆ ಸಂಕೋಚದ ಜಾಗವನ್ನು ಮಾದರಿ ಪತ್ರದ ಹೊಗಳಿಕೆ ತುಂಬಿಬಿಡುತ್ತದೆ. ಅರ್ಜಿ ಹಾಕುವವರು ಮೊದಲ ಕರಡನ್ನು ತಾವೇ ಬರೆಯಬೇಕೆಂದು ನಾನು ಒತ್ತಾಯಿಸುವುದು ಇದಕ್ಕೇ.

2022ರಲ್ಲಿ ಅನುಮೋದನೆ ಬಂತು. ಊರಿಗೆ ಫೋನ್ ಮಾಡಿದೆ, "ಹಾಗಾದರೆ ಕಾರ್ಡು ಬಂತಾ?" ಎಂದರು ಅಪ್ಪಯ್ಯ. ಬಂದಿಲ್ಲವೆಂದು ವಿವರಿಸುವುದೇ ಕಷ್ಟವಾಯಿತು. ಉದ್ಯೋಗ ಆಧಾರಿತ ವೀಸಾಗಳು ವರ್ಷಕ್ಕೆ ಸುಮಾರು 1,40,000. ಅವುಗಳಲ್ಲಿ ಸಂಗಾತಿ, ಮಕ್ಕಳಿಗೆ ಹೋಗುವವೂ ಸೇರಿವೆ, ಮತ್ತು ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇ. 7ರ ಮಿತಿ. ನಾನು ಅರ್ಜಿ ಹಾಕಿದ ತಿಂಗಳು, ಯಾವ ದಿನಾಂಕದವರೆಗಿನ ಅರ್ಜಿಗಳ ಸರದಿ ಬಂದಿದೆ ಎಂದು ತಿಳಿಸುವ ವೀಸಾ ಬುಲೆಟಿನ್‌ನಲ್ಲಿ ಭಾರತದ ಇಬಿ-2 ಸಾಲು 2010ರ ಆಸುಪಾಸಿನಲ್ಲಿತ್ತು. ನನ್ನ ಪಕ್ಕದ ಬೆಂಚಿನಲ್ಲಿ ಕೆಲಸ ಮಾಡುತ್ತಿದ್ದ, ಬೇರೊಂದು ದೇಶದಲ್ಲಿ ಹುಟ್ಟಿದ ಗೆಳೆಯನಿಗೆ ಇದೇ ವರ್ಗದಲ್ಲಿ ಅನುಮೋದನೆಯಾಗಿ ಕಾರ್ಡೂ ಬಂತು. ಅವನ ಮೇಲೆ ನನಗೆ ಅಸೂಯೆಯಿಲ್ಲ. ಆದರೆ ಕಾರ್ಯದ ಮಹತ್ವವನ್ನು ಅಷ್ಟು ಸೂಕ್ಷ್ಮವಾಗಿ ಅಳೆದ ಮೇಲೆ, ಹುಟ್ಟಿದ ಊರಿನ ಲೆಕ್ಕದಲ್ಲಿ ಸಾಲು ನಿಲ್ಲಿಸುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಅನುಮೋದನೆಯಿಂದ ಉಪಯೋಗವಿಲ್ಲವೆಂದಲ್ಲ. ಎಚ್-1ಬಿ ಎಂಬ ತಾತ್ಕಾಲಿಕ ಕೆಲಸದ ವೀಸಾವನ್ನು ಅದರ ಆರು ವರ್ಷ ಮುಗಿದ ಮೇಲೂ ಮೂರು ಮೂರು ವರ್ಷಕ್ಕೆ ವಿಸ್ತರಿಸಿಕೊಳ್ಳಬಹುದು. ಪ್ರಯಾರಿಟಿ ಡೇಟ್, ಅಂದರೆ ಸಾಲಿನಲ್ಲಿ ನಮ್ಮ ಜಾಗ ಗುರುತಿಸುವ ದಿನಾಂಕ, ನಮ್ಮದಾಗಿಯೇ ಉಳಿಯುತ್ತದೆ. ಮುಂದೆ, ಅಸಾಧಾರಣ ಸಾಮರ್ಥ್ಯದವರಿಗಿರುವ ಇಬಿ-1ಎ ವರ್ಗದ ಅರ್ಜಿ ಒಪ್ಪಿಗೆಯಾದರೆ ಅದೇ ದಿನಾಂಕ ಅಲ್ಲಿಗೂ ಬರುತ್ತದೆ. ನನಗೆ ಇದು ಮುಖ್ಯವಾಗಿರುವುದು ಶಿವಮೊಗ್ಗದಲ್ಲಿ ಹುಟ್ಟಿದ ಮಗಳಿಗಾಗಿ. ಅವಳಿಗೆ 21 ತುಂಬಿದರೆ ನನ್ನ ಅರ್ಜಿಯ ಆಸರೆ ತಪ್ಪುತ್ತದೆ. ಐ-140 ಪರಿಶೀಲನೆಯಲ್ಲಿದ್ದ ದಿನಗಳನ್ನು ಅವಳ ವಯಸ್ಸಿನಿಂದ ಕಳೆಯಲು 2002ರ ಕಾನೂನು ಒಪ್ಪುತ್ತದೆ, ಸಾಲಿನಲ್ಲಿ ಕಾದ ವರ್ಷಗಳನ್ನು ಕಳೆಯಲು ಒಪ್ಪುವುದಿಲ್ಲ.

ಆದ್ದರಿಂದ ಈಗ ಇಬಿ-1ಎ ಕರಡು ಬರೆಯುತ್ತಿದ್ದೇನೆ. ಅಲ್ಲಿ ಹತ್ತು ಮಾನದಂಡಗಳಲ್ಲಿ ಮೂರನ್ನು ಪೂರೈಸಿದರಷ್ಟೇ ಸಾಲದು. ಬಳಿಕ ಎಲ್ಲ ಪುರಾವೆಯನ್ನೂ ಒಟ್ಟಾಗಿ ತೂಗಿ, ಈತ ಕ್ಷೇತ್ರದ ತುತ್ತತುದಿಯ ಕೆಲವೇ ಜನರಲ್ಲಿ ಒಬ್ಬನೇ ಎಂದು ನೋಡುತ್ತಾರೆ. ನಿನ್ನೆ ರಾತ್ರಿ ಮೂರು ಪತ್ರಗಳನ್ನು ಕೋರಿ ಮಿಂಚಂಚೆ ಕಳುಹಿಸಿದೆ. ಮೂವರೂ ಅಪರಿಚಿತರು, ಮೂವರಿಗೂ ಕೇಳಿದ್ದು ಒಂದೇ: ಆ ಪರೀಕ್ಷೆಯನ್ನು ನೀವು ಯಾವ ಹೊಲದಲ್ಲಿ ಬಳಸಿದಿರಿ, ಆಮೇಲೆ ಅಲ್ಲಿ ಏನಾಯಿತು.