ಸೀರಿಯಲ್ ಲೈನ್ ದೂರ ಎಳೆಯುವಾಗ ಪೇರ್ ಒಡೆಯಬೇಡಿ

ಆರ್‌ಎಸ್-232 (ಕಂಪ್ಯೂಟರ್ ಸೀರಿಯಲ್ ಪೋರ್ಟಿನ ಹಳೆಯ ಮಾನದಂಡ) ಅಂದ ಕೂಡಲೇ ಎಲ್ಲರೂ ಹೇಳುವುದು 50 ಅಡಿ, ಅಂದರೆ ಸುಮಾರು 15 ಮೀಟರ್, ಅದರಾಚೆ ಹೋಗಬೇಡಿ ಅಂತ. 1969ರ ಆರ್‌ಎಸ್-232-ಸಿ ಕಾಲದಿಂದ ಬಂದಿರುವ ಮಾತು ಅದು. ಅಸಲಿ ಮಿತಿ ಇರುವುದು ತಂತಿ ಚಾರ್ಜ್ ಹಿಡಿದಿಟ್ಟುಕೊಳ್ಳುವ ಗುಣದಲ್ಲಿ, ಅಂದರೆ ಕೆಪಾಸಿಟೆನ್ಸ್‌ನಲ್ಲಿ: ಲೈನ್‌ನಲ್ಲಿ ಒಟ್ಟು 2500 ಪಿಕೋಫ್ಯಾರಡ್ ದಾಟಬಾರದು. ಒಳ್ಳೆ ಕೇಬಲ್ ಹಾಕಿ ವೇಗ ಇಳಿಸಿದರೆ ಇನ್ನೂ ಸ್ವಲ್ಪ ದೂರ ಹೋಗುತ್ತದೆ. ಆದರೆ ಇನ್ನೊಂದು ತೊಂದರೆ ಇದೆ, ಅದು ವೇಗ ಇಳಿಸಿದರೂ ಬಿಡುವುದಿಲ್ಲ. ಆರ್‌ಎಸ್-232ರಲ್ಲಿ ಎಲ್ಲಾ ಸಿಗ್ನಲ್‌ಗಳಿಗೂ ಒಂದೇ ಗ್ರೌಂಡ್ ತಂತಿ. ಎರಡು ಕಟ್ಟಡಗಳ ಗ್ರೌಂಡ್ ನಡುವೆ ನಾಲ್ಕೈದು ವೋಲ್ಟ್ ವ್ಯತ್ಯಾಸ ಇದ್ದರೆ ಸಾಕು, ಪ್ಲಸ್ 3, ಮೈನಸ್ 3 ವೋಲ್ಟ್ ನೋಡಿ ಒಂದೋ ಸೊನ್ನೆಯೋ ಅಂತ ತೀರ್ಮಾನಿಸುವ ರಿಸೀವರ್ ಗೊಂದಲಕ್ಕೆ ಬೀಳುತ್ತದೆ.

ಇಲ್ಲಿಗೆ ಬೇಕಾಗುವುದೇ ಶಾರ್ಟ್ ರೇಂಜ್ ಮೋಡೆಮ್, ಸೀರಿಯಲ್ ಸಿಗ್ನಲ್ ಅನ್ನು ದೂರ ಕಳಿಸುವ ಪೆಟ್ಟಿಗೆ. ಕೆಲವರು ಲೈನ್ ಡ್ರೈವರ್ ಅಂತಾರೆ. ಎರಡು ತುದಿಗೂ ಒಂದೊಂದು ಹಾಕಿ, ನಡುವೆ ಎರಡು ಪೇರ್ (ಹೆಣೆದ ಜೋಡಿ) ತಂತಿ ಎಳೆದರೆ ಆಯಿತು. ಡಯಲ್ ಮಾಡುವುದಿಲ್ಲ, ಟೆಲಿಫೋನ್ ಎಕ್ಸ್‌ಚೇಂಜ್ ಬೇಕಿಲ್ಲ. ನೋಡಲು ಇಷ್ಟು ಸರಳವಾಗಿರುವುದರಿಂದಲೇ ಜನ ತಂತಿ ಕಡೆ ಗಮನ ಕೊಡದೆ ಪೆಟ್ಟಿಗೆಯನ್ನೇ ಬದಲಾಯಿಸುತ್ತಾ ಕೂರುತ್ತಾರೆ. ನಾನು ನೋಡಿದ ಹೆಚ್ಚಿನ ತೊಂದರೆಗಳು ತಂತಿಯಲ್ಲೇ ಇದ್ದವು.

ಪೇರ್ ವಿಷಯ ಮೊದಲು ಹೇಳಿಬಿಡುತ್ತೇನೆ. ಮೋಡೆಮ್ ಸಿಗ್ನಲ್ ಅನ್ನು ಎರಡು ತಂತಿಗಳ ಮೇಲೆ ಕಳಿಸುತ್ತದೆ, ಒಂದರಲ್ಲಿ ವೋಲ್ಟೇಜ್ ಏರಿದಾಗ ಇನ್ನೊಂದರಲ್ಲಿ ಇಳಿಯುತ್ತದೆ. ಆ ಕಡೆಯ ಮೋಡೆಮ್ ಎರಡರ ವ್ಯತ್ಯಾಸವನ್ನು ಮಾತ್ರ ನೋಡುತ್ತದೆ. ದಾರಿಯಲ್ಲಿ ಮೋಟಾರ್, ಟ್ಯೂಬ್‌ಲೈಟ್ ಚೋಕ್, ಪವರ್ ಕೇಬಲ್ ಏನೇ ನಾಯ್ಸ್ ಹಾಕಿದರೂ ಅದು ಎರಡೂ ತಂತಿಗೆ ಸಮವಾಗಿ ಬಿದ್ದರೆ ವ್ಯತ್ಯಾಸದಲ್ಲಿ ಹೊಡೆದುಹೋಗುತ್ತದೆ. ಸಮವಾಗಿ ಬೀಳಲಿ ಅಂತಲೇ ತಂತಿ ಹೆಣೆದಿರುವುದು. ಅಲೆಕ್ಸಾಂಡರ್ ಗ್ರಹಾಂ ಬೆಲ್ ಇದಕ್ಕೆ 1881ರಲ್ಲೇ ಪೇಟೆಂಟ್ ತೆಗೆದುಕೊಂಡಿದ್ದ, ಇವತ್ತಿಗೂ ಇದಕ್ಕಿಂತ ಅಗ್ಗದ ಉಪಾಯ ಬಂದಿಲ್ಲ.

ಈಗ ಒಬ್ಬರು ಕೇಬಲ್ ಬಿಚ್ಚಿ, ಟ್ರಾನ್ಸ್‌ಮಿಟ್‌ನ ಎರಡು ಸ್ಕ್ರೂಗೆ ನೀಲಿ ಮತ್ತು ಕಿತ್ತಳೆ, ರಿಸೀವ್‌ಗೆ ಅವುಗಳ ಬಿಳಿ ಜೊತೆಗಾರರನ್ನು ಹಾಕಿದರು ಅಂದುಕೊಳ್ಳಿ. ಬಣ್ಣದ್ದೆಲ್ಲ ಒಂದು ಕಡೆ, ಬಿಳಿಯದ್ದೆಲ್ಲ ಒಂದು ಕಡೆ, ಕಣ್ಣಿಗೆ ನೀಟಾಗಿ ಕಾಣುತ್ತದೆ. ಆ ತುದಿಯಲ್ಲೂ ಅದೇ ಲೆಕ್ಕದಲ್ಲಿ ಹಾಕುತ್ತಾರೆ. ಮಲ್ಟಿಮೀಟರ್ ಹಿಡಿದರೆ ನಾಲ್ಕೂ ತಂತಿ ಬೀಪ್ ಅನ್ನುತ್ತವೆ. ಎಲ್ಲಾ ಸರಿ ಇದೆ ಅಲ್ವಾ? ಇಲ್ಲ. ನೀಲಿ ಹೆಣೆದುಕೊಂಡಿರುವುದು ಬಿಳಿ-ನೀಲಿ ಜೊತೆ, ಕಿತ್ತಳೆ ಜೊತೆ ಅಲ್ಲ. ಹೀಗಾಗಿ ಕಳಿಸುವ ತಂತಿಯೊಂದು ಬರುವ ತಂತಿಯೊಂದರ ಜೊತೆ ಉದ್ದಕ್ಕೂ ಸುತ್ತಿಕೊಂಡು ಹೋಗುತ್ತದೆ, ಈ ಕಡೆಯ ಮಾತು ಆ ಕಡೆಗೆ ಸೋರುತ್ತದೆ. ಇದನ್ನೇ ಸ್ಪ್ಲಿಟ್ ಪೇರ್ ಅನ್ನುವುದು. ಇದರ ಲಕ್ಷಣ ನೆನಪಿಟ್ಟುಕೊಳ್ಳಿ: ಒಂದು ಕಡೆಯಿಂದ ಮಾತ್ರ ಡೇಟಾ ಹೋಗುವಾಗ ಶುದ್ಧವಾಗಿ ಬರುತ್ತದೆ, ಎರಡೂ ಕಡೆ ಒಟ್ಟಿಗೆ ಕಳಿಸಲು ಶುರು ಮಾಡಿದ ಕೂಡಲೇ ಅಕ್ಷರ ಕೆಡುತ್ತವೆ. ಮೀಟರ್ ಇದನ್ನು ಯಾವತ್ತೂ ತೋರಿಸುವುದಿಲ್ಲ. ಕಣ್ಣಿಂದಲೇ ನೋಡಬೇಕು: ಟ್ರಾನ್ಸ್‌ಮಿಟ್‌ಗೆ ನೀಲಿ ಮತ್ತು ಬಿಳಿ-ನೀಲಿ, ರಿಸೀವ್‌ಗೆ ಕಿತ್ತಳೆ ಮತ್ತು ಬಿಳಿ-ಕಿತ್ತಳೆ, ನಡುವೆ ಬರುವ ಪ್ರತಿ ಜಂಕ್ಷನ್ ಬಾಕ್ಸ್‌ನಲ್ಲೂ ಹಾಗೇ. ಸ್ಕ್ರೂ ಹತ್ತಿರ ಎಷ್ಟು ಬೇಕೋ ಅಷ್ಟೇ ಹೆಣಿಗೆ ಬಿಚ್ಚಿ. ಇನ್ಸುಲೇಶನ್ ಸುಲಿಯುವಾಗ ಒಳಗಿನ ತಾಮ್ರಕ್ಕೆ ಬ್ಲೇಡ್ ತಾಗಿ ಗಾಯವಾದರೆ ಒಂಟಿ ಎಳೆಯ ತಂತಿ ಆಮೇಲೆ ಅಲ್ಲೇ ಮುರಿಯುತ್ತದೆ, ಅದನ್ನು ಕತ್ತರಿಸಿ ಹೊಸದಾಗಿ ಸುಲಿಯಿರಿ. ಟೆಲಿಫೋನ್‌ಗೆ ಬಳಸುವ ಚಪ್ಪಟೆ ವೈರ್‌ನಲ್ಲಿ ಹೆಣಿಗೆಯೇ ಇರುವುದಿಲ್ಲ, ಅದು ಈ ಕೆಲಸಕ್ಕೆ ಬೇಡವೇ ಬೇಡ.

ಈ ಕಡೆಯ ಟ್ರಾನ್ಸ್‌ಮಿಟ್ ಆ ಕಡೆಯ ರಿಸೀವ್‌ಗೆ ಹೋಗಬೇಕು, ಹಾಗಾಗಿ ಒಂದು ತುದಿಯಲ್ಲಿ ಮಾತ್ರ ಪೇರ್ ಅದಲುಬದಲು ಮಾಡಿ, ನೀಲಿ ಪೇರ್ ರಿಸೀವ್‌ಗೆ, ಕಿತ್ತಳೆ ಪೇರ್ ಟ್ರಾನ್ಸ್‌ಮಿಟ್‌ಗೆ. ಪ್ಲಸ್-ಮೈನಸ್ ತಿರುಗಿದರೂ ಕೆಲವು ಮೋಡೆಮ್ ತಲೆ ಕೆಡಿಸಿಕೊಳ್ಳುವುದಿಲ್ಲ, ಕೆಲವು ಡೇಟಾವನ್ನೇ ತಿರುಗಿಸಿಬಿಡುತ್ತವೆ. ಸರಿಯಾಗಿಯೇ ಹಾಕಿಬಿಡಿ.

ಕಟ್ಟಡದಲ್ಲಿ ಮೊದಲೇ ಇರುವ ಪೇರ್ ಬಳಸುವುದಾದರೆ ಏನೂ ಜೋಡಿಸುವ ಮುಂಚೆ ವೋಲ್ಟೇಜ್ ನೋಡಿ. 48 ವೋಲ್ಟ್ ಡಿಸಿ ಹತ್ತಿರ ಕಂಡರೆ ಅದು ಜೀವಂತ ಟೆಲಿಫೋನ್ ಲೈನ್, ರಿಂಗ್ ಬಂದಾಗ ಅದರ ಮೇಲೆ 90 ವೋಲ್ಟ್ ಎಸಿವರೆಗೂ ಏರಬಹುದು. ಮೋಡೆಮ್ ಸುಟ್ಟುಹೋದೀತು. ತಂತಿ ಖಾಲಿ ಇದ್ದರೆ ಇನ್ನೊಂದು ಪರೀಕ್ಷೆ ಇದೆ, ನನಗೆ ಬಹಳ ಇಷ್ಟವಾದದ್ದು. ದೂರದ ತುದಿಯಲ್ಲಿ ಪೇರ್‌ನ ಎರಡೂ ತಂತಿ ಒಟ್ಟಿಗೆ ತಿರುಚಿ, ಈ ತುದಿಯಲ್ಲಿ ಓಮ್ ಅಳೆಯಿರಿ. 24 ಗೇಜ್ ತಂತಿಯ ದಪ್ಪ ಸುಮಾರು 0.5 ಮಿಲಿಮೀಟರ್. ಹೋಗಿ ಬರುವ ದಾರಿ ಸೇರಿ ಕಿಲೋಮೀಟರ್‌ಗೆ ಹತ್ತಿರ ಹತ್ತಿರ 170 ಓಮ್ ತೋರಿಸುತ್ತದೆ. 85 ಬಂದರೆ ಲೈನ್ ಅರ್ಧ ಕಿಲೋಮೀಟರ್ ಇದೆ ಅಂತ ಲೆಕ್ಕ. ಎರಡು ಪೇರ್‌ನಲ್ಲಿ ಒಂದು 85, ಇನ್ನೊಂದು 110 ತೋರಿಸಿದರೆ ಎಲ್ಲೋ ಒಂದು ಜಾಯಿಂಟ್ ಸಡಿಲವಾಗಿದೆ ಅಥವಾ ತುಕ್ಕು ಹಿಡಿದಿದೆ. ಡೇಟಾ ಹಾಕುವ ಮುಂಚೆಯೇ ಅದನ್ನು ಹುಡುಕಿ. ಹೀಗೆ ಉದ್ದ ಗೊತ್ತಾದ ಮೇಲೆ ಮೋಡೆಮ್‌ನ ಪುಸ್ತಕದಲ್ಲಿರುವ ವೇಗ-ದೂರದ ಪಟ್ಟಿ ನೋಡಿ. ದೂರ ಹೆಚ್ಚಿದಷ್ಟೂ ವೇಗ ಇಳಿಸಬೇಕು, ತಂತಿ ತೆಳ್ಳಗಿದ್ದರೆ ಇನ್ನೂ ಜಾಸ್ತಿ ಇಳಿಸಬೇಕು.

ಪವರ್ ಬಗ್ಗೆ ಒಂದು ಮಾತು. ಸಣ್ಣ ಮೋಡೆಮ್‌ಗಳಲ್ಲಿ ಹಲವಕ್ಕೆ ಅಡಾಪ್ಟರ್ ಇರುವುದಿಲ್ಲ, ಸೀರಿಯಲ್ ಪೋರ್ಟ್‌ನ ಡೇಟಾ ಪಿನ್ ಮತ್ತು 'ನಾನು ಸಿದ್ಧ', 'ಕಳಿಸಲೇ' ಅನ್ನುವ ಸೂಚನೆಗಳ ಡಿಟಿಆರ್, ಆರ್‌ಟಿಎಸ್ ಪಿನ್‌ಗಳಿಂದಲೇ ಕರೆಂಟ್ ಎಳೆದುಕೊಳ್ಳುತ್ತವೆ. ಬರೀ 2, 3, 5 ಪಿನ್ ಮಾತ್ರ ಇರುವ ಮೀಟರ್, ತಕ್ಕಡಿ ಇಂಥವುಗಳಿಗೆ ಹಾಕಿದರೆ ಅದು ಎದ್ದೇಳುವುದೇ ಇಲ್ಲ, ಅಥವಾ ಅರೆಬರೆ ಎದ್ದು ಆಗಾಗ ಕೈಕೊಡುತ್ತದೆ, ಇದು ಇನ್ನೂ ಕೆಟ್ಟದ್ದು. ಒಂಬತ್ತು ಪಿನ್ ಕನೆಕ್ಟರ್‌ನಲ್ಲಿ 5ಕ್ಕೆ (ಗ್ರೌಂಡ್) ಕಪ್ಪು ಪ್ರೋಬ್ ಹಿಡಿದು, ಸಾಫ್ಟ್‌ವೇರ್‌ನಲ್ಲಿ ಪೋರ್ಟ್ ಓಪನ್ ಮಾಡಿ, 4 (ಡಿಟಿಆರ್) ಮತ್ತು 7ರಲ್ಲಿ (ಆರ್‌ಟಿಎಸ್) ಎಷ್ಟು ವೋಲ್ಟ್ ಇದೆ ನೋಡಿ. ಯುಎಸ್‌ಬಿ ಕನ್ವರ್ಟರ್‌ಗಳು ಎಷ್ಟೋ ಸಲ 5 ವೋಲ್ಟ್ ಆಸುಪಾಸಿನಲ್ಲೇ ನಿಲ್ಲುತ್ತವೆ. ಕಡಿಮೆ ಅನ್ನಿಸಿದರೆ ಹೊರಗಿನ ಪವರ್ ಇರುವ ಮೋಡೆಮ್ ತೆಗೆದುಕೊಳ್ಳಿ, ಜಗ್ಗಾಡಬೇಡಿ.

ಮೋಡೆಮ್ ಮೇಲಿರುವ ಡಿಟಿಇ-ಡಿಸಿಇ ಸ್ವಿಚ್ ಯಾವ ಕಡೆ ಇರಬೇಕು ಅನ್ನುವ ಗೊಂದಲಕ್ಕೂ ಇದೇ ಮೀಟರ್ ಸಾಕು. ಸುಮ್ನೆ ಇರುವಾಗ ಕಳಿಸುವ ಪಿನ್ ಯಾವಾಗಲೂ ಮೈನಸ್‌ನಲ್ಲಿರುತ್ತದೆ. 3ನೇ ಪಿನ್‌ನಲ್ಲಿ ಮೈನಸ್ ಕಂಡರೆ ನಿಮ್ಮ ಸಾಧನ ಕಂಪ್ಯೂಟರ್ ಥರ, ಅಂದರೆ ಡಿಟಿಇ. 2ರಲ್ಲಿ ಕಂಡರೆ ಮೋಡೆಮ್ ಥರ, ಅಂದರೆ ಡಿಸಿಇ. ಮೋಡೆಮ್ ಅದಕ್ಕೆ ಎದುರಾಗಿ ಇರಬೇಕು.

ಎರಡೇ ಪೇರ್ ಇರುವ ಮೋಡೆಮ್‌ಗಳಲ್ಲಿ ಹೆಚ್ಚಿನವು ಡೇಟಾ ಮಾತ್ರ ದಾಟಿಸುತ್ತವೆ. ಆರ್‌ಟಿಎಸ್ ಅನ್ನು ಇಲ್ಲೇ, 'ಕಳಿಸಬಹುದು' ಅನ್ನುವ ಪಿನ್ ಆದ ಸಿಟಿಎಸ್‌ಗೆ ತಿರುಗಿಸಿ ಕೊಡುತ್ತವೆ. ಹಾಗಾಗಿ ಆ ಕಡೆ ಪ್ರಿಂಟರ್ 'ನಿಲ್ಲಿಸು' ಅಂದರೂ ಈ ಕಡೆಗೆ ಕೇಳಿಸುವುದಿಲ್ಲ, ಬಫರ್ ತುಂಬಿ ಸಾಲುಗಳು ಮಾಯವಾಗುತ್ತವೆ. ಅಂಥ ಕಡೆ 'ನಿಲ್ಲಿಸು', 'ಕಳಿಸು' ಅನ್ನುವ ಅಕ್ಷರಗಳು ಡೇಟಾ ಒಳಗೇ ಹೋಗುವ ಎಕ್ಸ್‌ಆನ್-ಎಕ್ಸ್‌ಆಫ್ ಹಾಕಿಕೊಳ್ಳಿ.

ಗೋಡೆಗೆ ಹೊಡೆಯುವ ಮುಂಚೆ ಎರಡೂ ಮೋಡೆಮ್ ಮೇಜಿನ ಮೇಲೆ ಇಟ್ಟು, ಒಂದು ತುಂಡು ಕೇಬಲ್‌ನಲ್ಲಿ ಓಡಿಸಿ ನೋಡಿ. ಅಲ್ಲಿ ಓಡಿ, ಜಾಗದಲ್ಲಿ ಓಡದಿದ್ದರೆ ತಪ್ಪು ಬಹುಮಟ್ಟಿಗೆ ತಂತಿಯಲ್ಲೇ ಇದೆ. ಜಾಗದಲ್ಲಿ ದೂರದ ಮೋಡೆಮ್‌ನ ಸೀರಿಯಲ್ ಕಡೆ 2 ಮತ್ತು 3ನೇ ಪಿನ್ ಒಂದಕ್ಕೊಂದು ಸೇರಿಸಿ, ಈ ಕಡೆಯಿಂದ ಟೈಪ್ ಮಾಡಿದ್ದು ವಾಪಸ್ ಬರುತ್ತದೋ ನೋಡಿ. ಆ ಮೋಡೆಮ್‌ಗೆ ಪವರ್ ಬೇರೆ ಕಡೆಯಿಂದ ಇರಬೇಕು, ಟರ್ಮಿನಲ್ ಪ್ರೋಗ್ರಾಂನಲ್ಲಿ ಲೋಕಲ್ ಎಕೋ ಆಫ್ ಇರಬೇಕು, ಇಲ್ಲದಿದ್ದರೆ ನೀವು ನೋಡುತ್ತಿರುವುದು ನಿಮ್ಮದೇ ಪ್ರೋಗ್ರಾಂನ ಅಕ್ಷರ. ಈ ಪರೀಕ್ಷೆಯಲ್ಲಿ ವೇಗದ ತಪ್ಪು ಸಿಗುವುದಿಲ್ಲ, ಕಳಿಸುವುದೂ ಓದುವುದೂ ಒಂದೇ ಪೋರ್ಟ್ ತಾನೇ. ಅಸಲಿ ಸಾಧನ ಹಾಕಿದ ಮೇಲೆ ಪ್ರತಿ ಅಕ್ಷರವೂ ಕಸವಾಗಿ ಬಂದರೆ ಬಾಡ್ (ವೇಗ) ಅಥವಾ ಪ್ಯಾರಿಟಿ (ತಪ್ಪು ಪತ್ತೆಯ ಬಿಟ್) ಸೆಟ್ಟಿಂಗ್ ನೋಡಿ. ಬಹುಪಾಲು ಸರಿ ಬಂದು ನಡುವೆ ಒಂದೊಂದು ಕೆಟ್ಟರೆ ನಾಯ್ಸ್, ಮತ್ತೆ ತಂತಿಗೇ ಹೋಗಬೇಕು.

ಲೈನ್ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೊರಗೆ ಹೋಗುತ್ತಿದ್ದರೆ ಐಸೊಲೇಶನ್ ಇರುವ, ಅಂದರೆ ಲೈನ್ ಮತ್ತು ಪೋರ್ಟ್ ನಡುವೆ ನೇರ ವಿದ್ಯುತ್ ಸಂಪರ್ಕ ಇಲ್ಲದ, ಮೋಡೆಮ್ಮೇ ಆಗಬೇಕು, ಎರಡೂ ತುದಿಗೆ ಸರ್ಜ್ ಪ್ರೊಟೆಕ್ಟರ್ ಬೇಕು, ಅದರ ಗ್ರೌಂಡ್ ತಂತಿ ಗಿಡ್ಡ ಮತ್ತು ದಪ್ಪ ಇರಬೇಕು. ಕೇಬಲ್‌ಗೆ ಶೀಲ್ಡ್ (ಸುತ್ತ ಲೋಹದ ಹೊದಿಕೆ) ಇದ್ದರೆ ಒಂದೇ ಕಡೆ ಗ್ರೌಂಡ್ ಮಾಡಿ, ಎರಡೂ ಕಡೆ ಮಾಡಿದರೆ ಗ್ರೌಂಡ್ ವ್ಯತ್ಯಾಸದ ಕರೆಂಟ್ ಅದರಲ್ಲೇ ಹರಿಯುತ್ತದೆ. ಸಿಡಿಲು ಜಾಸ್ತಿ ಹೊಡೆಯುವ ಜಾಗ, ಹೊಸ ಕೇಬಲ್ ಎಳೆಯುವ ಅವಕಾಶವೂ ಇದೆ ಅಂದರೆ ನಾನು ತಾಮ್ರ ಬಿಟ್ಟು ಫೈಬರ್ ಹಾಕಿ ಅನ್ನುತ್ತೇನೆ, ಆ ಸೀರಿಯಲ್ ಪೋರ್ಟ್‌ಗೆ ಫೈಬರ್ ಮೋಡೆಮ್ ಕೂಡ ಸಿಗುತ್ತದೆ.